ಪರದೆ ಮೇಲೆ 60, ಕಪಾಟಿನಲ್ಲಿ 22

ಫಸ್ಟ್ ಇಯರ್ ವರ್ಕ್‌ಶಾಪ್ ನೆನಪಿದೆ ತಾನೇ? ಏಪ್ರನ್ ಹಾಕ್ಕೊಂಡು, ಒಂದು ಎಂಎಸ್ ತುಂಡನ್ನ ಬೆಂಚ್ ವೈಸ್‌ಗೆ ಸಿಕ್ಕಿಸಿ, ಕೈ ನೋಯುವ ತನಕ ಫೈಲ್ ಉಜ್ಜಿ, ಕೊನೆಗೆ ಟ್ರೈ ಸ್ಕ್ವೇರ್ ಇಟ್ಟು ನೋಡಿದ್ರೆ ಸಂದಿಯಲ್ಲಿ ಬೆಳಕು ಕಾಣ್ತಿತ್ತಲ್ಲ, ಅದೇ ವರ್ಕ್‌ಶಾಪ್. ಆ ವೈಸ್ ಎಲ್ಲಿಂದ ಬರುತ್ತೆ ಅಂತ ಆಗ ನಮಗ್ಯಾರಿಗೂ ಯೋಚನೆ ಬಂದಿರಲಿಲ್ಲ. ಈಗ ಅದರ ಒಂದೊಂದು ಸ್ಕ್ರೂ ಲೆಕ್ಕವೂ ಬಾಯಿಪಾಠ ಆಗಿದೆ. ಯಾಕೆ ಅಂತ ಹೇಳೋಕೇ ಈ ಲೇಖನ.

ನಮ್ಮ ನಾಲ್ವರಲ್ಲಿ ಒಬ್ಬನ ಅಪ್ಪ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ನಡೆಸ್ತಾರೆ. ಬೆಂಚ್ ವೈಸ್, ಪೈಪ್ ವೈಸ್, ಜಿ ಕ್ಲ್ಯಾಂಪ್ ಮಾಡೋ ಜಾಗ. ಹದಿನೆಂಟು ಜನ ಕೆಲಸಗಾರರು, ನಾಲ್ಕು ಲೇತ್, ಎರಡು ಮಿಲ್ಲಿಂಗ್ ಮಷೀನ್, ಒಂದು ಪೇಂಟ್ ಬೂತ್. ಕಳೆದ ಸೆಮಿಸ್ಟರ್ ರಜೆಯಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅಂಕಲ್ ಕೇಳಿದ್ರು: "ನೀವೆಲ್ಲ ಕಂಪ್ಯೂಟರ್ ಮಕ್ಕಳು. ನಮ್ ವೈಸೂ ಆನ್‌ಲೈನಲ್ಲಿ ಸಿಗೋ ಹಾಗೆ ಮಾಡ್ಕೊಡ್ರಪ್ಪ. ಡೀಲರ್‌ಗಳನ್ನೇ ನಂಬ್ಕೊಂಡು ಎಷ್ಟು ದಿನ ಅಂತ ಇರೋದು?" ನಮ್ಮಲ್ಲಿ ಇಬ್ಬರು ಮೆಕ್, ಇಬ್ಬರು ಸಿಎಸ್. ನಿಜ ಹೇಳಬೇಕಂದ್ರೆ ವೆಬ್‌ಸೈಟ್ ಅಂದ ಕೂಡ್ಲೇ ನಮಗೆ ಇದು ಎಡಗೈ ಕೆಲಸ ಅನ್ನಿಸ್ತು.

ಎಂಟು ದಿನದಲ್ಲಿ ಸೈಟ್ ಎದ್ದು ನಿಂತಿತು. ಚೆನ್ನಾಗಿ ಬೆಳಕು ಬೀಳೋ ಜಾಗದಲ್ಲಿ ವೈಸ್ ಇಟ್ಟು ಫೋಟೋ ತೆಗೆದ್ವಿ, ಒಂದು ದೊಡ್ಡ ಮಾರಾಟ ತಾಣದಲ್ಲೂ ಪಟ್ಟಿ ಮಾಡಿದ್ವಿ. ಅಲ್ಲಿ ಒಂದು ಖಾಲಿ ಚೌಕ ಇರುತ್ತೆ: ಎಷ್ಟು ಸ್ಟಾಕ್ ಇದೆ? ಆಫೀಸಲ್ಲಿ ಲೆಕ್ಕ ಬರೆಯುವವರನ್ನ ಕೇಳಿದ್ವಿ. ಅವರು ಕಂಪ್ಯೂಟರ್ ನೋಡಿ "100 ಮಿಮೀ ವೈಸ್ ಅರವತ್ತಿದೆ" ಅಂದ್ರು. 60 ಅಂತ ಟೈಪ್ ಮಾಡಿ, ಮೂಲೆ ಅಂಗಡಿಗೆ ಹೋಗಿ ಟೀ ಕುಡಿದ್ವಿ.

ಹನ್ನೊಂದನೇ ದಿನ ಆರ್ಡರ್ ಬಂತು. ಒಂದಲ್ಲ ಎರಡಲ್ಲ, 40 ವೈಸ್. ಯಾವುದೋ ತರಬೇತಿ ಸಂಸ್ಥೆಯವರು, ತಪಾಸಣೆಗೆ ಮುಂಚೆ ವರ್ಕ್‌ಶಾಪ್ ಸಜ್ಜು ಮಾಡ್ಬೇಕಿತ್ತು. ನಾವು ಕುಣಿದಾಡಿಬಿಟ್ವಿ. ಪ್ಯಾಕ್ ಮಾಡಿಸೋಣ ಅಂತ ಸ್ಟೋರ್ಸ್‌ಗೆ ಓಡಿದ್ರೆ ಕಪಾಟಿನಲ್ಲಿದ್ದದ್ದು 22.

ಉಳಿದ 38 ಎಲ್ಲಿ? ಅವೂ ಇದ್ದವು, ಪೇಂಟ್ ಬೂತ್ ಪಕ್ಕದ ಗೋಡೆಗೆ ಸಾಲಾಗಿ ಒರಗಿದ್ದವು. ಹಸಿರು ಬಣ್ಣ ಹೊಡೆದು, ಸ್ಕ್ರೂ ಹಾಕಿ, ಹಿಡಿ ಹಾಕಿ, ನೋಡೋಕೆ ಪೂರ್ತಿ ವೈಸ್. ಆದ್ರೆ ಹಲ್ಲಿರಲಿಲ್ಲ. ವೈಸ್‌ನ ಬಾಯಿಗೆ ಎರಡು ಉಕ್ಕಿನ ಪಟ್ಟಿ ಇರ್ತವಲ್ಲ, ಜಾ ಪ್ಲೇಟ್, ಅವು ಹಾರ್ಡನಿಂಗ್‌ಗೆ ಅಂತ ಹೊರಗಡೆ ಹೀಟ್ ಟ್ರೀಟ್‌ಮೆಂಟ್‌ನವರ ಹತ್ತಿರ ಹೋಗಿದ್ದವು. ಅಲ್ಲಿ ಕುಲುಮೆ ತುಂಬುವಷ್ಟು ಮಾಲು ಬರೋ ತನಕ ಕಾಯ್ತಾರೆ. ಮೂವತ್ತೆಂಟು ಬೊಚ್ಚುಬಾಯಿ ವೈಸ್, ಎಪ್ಪತ್ತಾರು ಹಲ್ಲು ಬೇರೆಲ್ಲೋ.

ಅಸೆಂಬ್ಲಿಯವರು ಬಣ್ಣ ಆದ ಕೂಡ್ಲೇ ಚೀಟಿ ಬರೆದು ಆಫೀಸಿಗೆ ಕಳಿಸ್ತಾರೆ. ಆಫೀಸಿನವರು ಅದನ್ನ 'ತಯಾರಾದ ಮಾಲು' ಅಂತ ಹತ್ತಿಸ್ತಾರೆ. ಇಬ್ಬರದ್ದೂ ತಪ್ಪಿಲ್ಲ. ವರ್ಷಕ್ಕೊಮ್ಮೆ ಆಡಿಟ್‌ಗೆ ಆ ಲೆಕ್ಕ ಸಾಕಾಗ್ತಿತ್ತು. ಪ್ಲೇಟ್ ಎಲ್ಲಿದೆ, ಎಂದು ಬರುತ್ತೆ ಅನ್ನೋದು ಒಬ್ಬರಿಗೆ ಮಾತ್ರ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸ್ ನೋಡ್ಕೊಳ್ತಿರೋ ಅಣ್ಣನಿಗೆ. ಅವರ ಷರ್ಟಿನ ಜೇಬಲ್ಲಿರೋ ಉದ್ದನೆ ನೋಟ್‌ಬುಕ್ಕಲ್ಲಿ ಎಲ್ಲ ಇತ್ತು. "ಏನ್ರಪ್ಪ, ನನ್ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ಲ" ಅಂದ್ರು. ಎಂಟು ದಿನ ಅವರ ಪಕ್ಕದಲ್ಲೇ ಓಡಾಡಿದ್ವಿ, ಆ ಒಂದು ಮಾತು ಕೇಳಿರಲಿಲ್ಲ.

22 ಕಳಿಸಿದ್ವಿ, 18 ರದ್ದಾಯ್ತು. ತಾಣದಲ್ಲಿ ರೇಟಿಂಗ್ ಬಿತ್ತು, ದಂಡದ ಹಣ ಕಡಿತ ಆಯ್ತು. ಅಂಕಲ್ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಈಗ ವಿಷಯಕ್ಕೆ ಬರೋಣ. ಆನ್‌ಲೈನ್ ಮಾರಾಟ ಅಂದ್ರೆ ಅಪರಿಚಿತರಿಗೆ ಕೊಡೋ ಮಾತು: 'ಇಷ್ಟಿದೆ, ಇಂಥ ದಿನ ತಲುಪಿಸ್ತೀವಿ' ಅಂತ. ಆ ಮಾತು ಉಳಿಸ್ಕೊಳ್ಳೋಕೆ ಆಗುತ್ತಾ ಇಲ್ವಾ ಅಂತ ಹೇಳಬೇಕಾದ್ದು ಕಾರ್ಖಾನೆಯ ಒಳಗಿನ ಲೆಕ್ಕ. ಆ ಲೆಕ್ಕವನ್ನೆಲ್ಲ ಒಂದೇ ಕಡೆ ಇಡೋ ವ್ಯವಸ್ಥೆಗೆ ಇಆರ್‌ಪಿ ಅಂತಾರೆ, ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ನಾವು ಮಾಡಿದ್ದು ಏನಂದ್ರೆ, ಮನೆಯಲ್ಲಿ ಅಕ್ಕಿ ಎಷ್ಟಿದೆ ಅಂತ ನೋಡದೆ ಊರಿಗೆಲ್ಲ ಊಟಕ್ಕೆ ಹೇಳಿ ಬಂದಿದ್ದು.

ಇಆರ್‌ಪಿ ಅನ್ನೋ ಹೆಸರು 1990ರಲ್ಲಿ ಗಾರ್ಟ್ನರ್ ಸಂಸ್ಥೆ ಇಟ್ಟಿದ್ದು. ಅದರ ಬೇರು ಇನ್ನೂ ಹಳೇದು. 1964ರಲ್ಲಿ ಜೋಸೆಫ್ ಆರ್ಲಿಕಿ ಅನ್ನೋ ಎಂಜಿನಿಯರ್ ಎಂಆರ್‌ಪಿ, ಅಂದ್ರೆ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಅನ್ನೋ ಪದ್ಧತಿ ರೂಪಿಸಿದ್ರು. (ಪ್ಯಾಕೆಟ್ ಮೇಲೆ ಬರೆದಿರೋ ಎಂಆರ್‌ಪಿ ಅಲ್ಲ, ಅದು ಬೇರೆ.) ಮೊದಲು ಬಳಸಿದ್ದು ಬ್ಲ್ಯಾಕ್ ಅಂಡ್ ಡೆಕರ್, ನಮ್ಮ ವರ್ಕ್‌ಶಾಪ್ ಡ್ರಿಲ್ಲಿಂಗ್ ಮಷೀನ್ ನೋಡಿದವರಿಗೆ ಈ ಹೆಸರು ಗೊತ್ತಿರುತ್ತೆ. 1975ರಲ್ಲಿ ಆರ್ಲಿಕಿ ಇದರ ಮೇಲೆ ಪುಸ್ತಕ ಬರೆದ್ರು. ಅಷ್ಟರಲ್ಲಿ, 1972ರಲ್ಲೇ, ಜರ್ಮನಿಯಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರ್‌ಗಳು ಸ್ಯಾಪ್ ಕಂಪನಿ ಶುರು ಮಾಡಿದ್ರು. ಮಾರಾಟ, ಖರೀದಿ, ಉತ್ಪಾದನೆ, ಹಣಕಾಸು ಇವೆಲ್ಲ ಒಂದೇ ದತ್ತಾಂಶ ನೋಡಬೇಕು ಅನ್ನೋದು ಅವರ ಪಂತ. ಬೆಂಗಳೂರಲ್ಲಿ ಅವರ ದೊಡ್ಡ ಕಚೇರಿ ಇದೆ, ನಮ್ಮ ಸೀನಿಯರ್‌ಗಳು ಪ್ಲೇಸ್‌ಮೆಂಟ್‌ನಲ್ಲಿ ಅದರ ಹೆಸರು ಹೇಳ್ತಾ ಇರ್ತಾರಲ್ಲ, ಅದೇ.

ಎಂಆರ್‌ಪಿ ಲೆಕ್ಕ ನಮಗೆ ಮೊದಲು ಸ್ಲೈಡ್‌ನಲ್ಲಿ ಅರ್ಥ ಆಗಿರಲಿಲ್ಲ, ವೈಸ್ ಮುಂದೆ ಕೂತಾಗ ಆಯ್ತು. ನೀವೂ ಒಂದು ಪೆನ್ ತಗೊಳ್ಳಿ.

ಆರು ವಾರದಲ್ಲಿ 100 ವೈಸ್ ಕೊಡಬೇಕು ಅಂತಿಟ್ಕೊಳ್ಳಿ. ಪೂರ್ತಿ ತಯಾರಾಗಿರೋದು 22. ಹಾಗಾದ್ರೆ ಇನ್ನೂ 78 ಬೇಕು. ಇಲ್ಲಿಗೆ ಗಣಿತ ಮುಗಿಯಲ್ಲ, ಇಲ್ಲಿಂದ ಶುರು. ಒಂದು ವೈಸ್‌ಗೆ ಎರಡು ಪ್ಲೇಟ್, ಹಾಗಾಗಿ 156 ಪ್ಲೇಟ್. ಹೊರಗೆ ಹೋಗಿರೋ 76 ಮುಂದಿನ ವಾರ ಬರುತ್ತೆ, ಅದನ್ನ ಕಳೆದ್ರೆ 80 ಪ್ಲೇಟ್ ಹೊಸದಾಗಿ ಮಾಡಬೇಕು. ಬೊಚ್ಚುಬಾಯಿ ವೈಸ್ 38 ಇವೆ, ಆದ್ದರಿಂದ ಮೈ ಕಟ್ಟಬೇಕಾದ್ದು 40 ಮಾತ್ರ. ಆ 40ಕ್ಕೆ 40 ಸ್ಕ್ರೂ ಬೇಕು, 10 ಕೈಯಲ್ಲಿದೆ, 30 ತಿರುಗಿಸಬೇಕು. ಎರಕದ ಸೆಟ್ 40 ಬೇಕು, 15 ಇದೆ, 25 ತರಿಸಬೇಕು. ಬೆಳಗಾವಿ ಕಡೆಯ ಫೌಂಡ್ರಿಯವರು 50ಕ್ಕಿಂತ ಕಡಿಮೆ ಹುಯ್ಯಲ್ಲ ಅಂತಾರೆ, ಹಾಗಾಗಿ ಆರ್ಡರ್ 50. ಗಮನಿಸಿ, ಗಿರಾಕಿ ಕೇಳಿದ್ದು ವೈಸ್. ಸ್ಕ್ರೂ ಎಷ್ಟು, ಪ್ಲೇಟ್ ಎಷ್ಟು ಅನ್ನೋದನ್ನ ಅಂದಾಜು ಮಾಡಬೇಕಾಗಿಲ್ಲ, ಲೆಕ್ಕ ಹಾಕಿದ್ರೆ ಸಾಕು. ಆರ್ಲಿಕಿ ಹಿಡಿದ ಎಳೆ ಇದೇ. ಅದಕ್ಕೂ ಮುಂಚೆ ಕಾರ್ಖಾನೆಗಳು ಪ್ರತಿಯೊಂದು ಬಿಡಿಭಾಗಕ್ಕೂ 'ಇಷ್ಟಕ್ಕಿಂತ ಕಡಿಮೆ ಆದ್ರೆ ತರಿಸು' ಅಂತ ಒಂದು ಗೆರೆ ಎಳೆದು ಕೂತಿರ್ತಿದ್ದವು. ಮುಂದೆ ಏನು ಮಾಡ್ತೀವಿ ಅನ್ನೋದಕ್ಕೂ ಆ ಗೆರೆಗೂ ಸಂಬಂಧವೇ ಇರ್ತಿರಲಿಲ್ಲ.

ಇನ್ನು ದಿನಗಳ ಲೆಕ್ಕ, ಅದನ್ನ ಹಿಂದಿನಿಂದ ಹಾಕಬೇಕು. ಆರನೇ ವಾರದ ಕೊನೆಗೆ ಮಾಲು ಹೊರಡಬೇಕು. ಪೇಂಟ್, ಅಸೆಂಬ್ಲಿ, ಪ್ಲೇಟ್ ಕೂರಿಸೋಕೆ ಒಂದು ವಾರ. ಮಷೀನಿಂಗ್‌ಗೆ ಒಂದು ವಾರ. ಎರಕ ಬರೋಕೆ ಮೂರು ವಾರ. ಒಟ್ಟು ಐದು ವಾರ, ಕೈಯಲ್ಲಿ ಉಳಿಯೋದು ಒಂದೇ ವಾರ. ಅಂದ್ರೆ ಫೌಂಡ್ರಿಗೆ ಫೋನ್ ಈ ವಾರವೇ ಹೋಗಬೇಕು. ಹೋಗದೇ ಇದ್ರೆ ಆಮೇಲೆ ಎಷ್ಟು ಓಟಿ ಮಾಡಿಸಿದ್ರೂ ಪ್ರಯೋಜನ ಇಲ್ಲ. ಪ್ಲೇಟಿಗೆ ಹತ್ತು ಹನ್ನೆರಡು ದಿನ ಸಾಕು, ಅದು ಆಮೇಲೆ ಹೋದ್ರೂ ನಡೆಯುತ್ತೆ. ಯಾವುದು ಇವತ್ತೇ, ಯಾವುದು ಮುಂದಿನ ತಿಂಗಳು ಅಂತ ಬಿಡಿಸಿ ಹೇಳೋದೇ ಈ ಲೆಕ್ಕದ ಉಪಯೋಗ. ವೈಸ್‌ಗೆ ಹತ್ತಿಪ್ಪತ್ತು ಭಾಗ, ಕೈಯಲ್ಲೇ ಮಾಡಬಹುದು. ಒಂದು ಕಾರಿಗೆ ಸಾವಿರಾರು ಭಾಗ, ಅದಕ್ಕೇ ಕಂಪ್ಯೂಟರ್ ಬೇಕಾಗಿದ್ದು.

ಮೇಲಿನ ಲೆಕ್ಕದಲ್ಲಿ ನಾವು ಒಂದು ವಿಷಯ ಸುಮ್ನೆ ನಂಬಿಬಿಟ್ವಿ: 10 ಸ್ಕ್ರೂ ಕೈಯಲ್ಲಿದೆ, 15 ಎರಕ ಇದೆ ಅನ್ನೋದು. ಅದು ಸುಳ್ಳಾಗಿದ್ರೆ ಕೆಳಗಿನದೆಲ್ಲ ಸುಳ್ಳು, ಅದೂ ತುಂಬಾ ಅಚ್ಚುಕಟ್ಟಾದ ಸುಳ್ಳು. ಎರಡನೇ ಸಲ ಪೀಣ್ಯಕ್ಕೆ ಹೋದಾಗ ನಾವು ಸೈಟ್ ಬಂದ್ ಮಾಡಿ, ಎಣಿಸೋಕೆ ಕೂತ್ವಿ. ಎಂಟು ಶನಿವಾರ ಹಿಡೀತು.

ಮೊದಲ ತಲೆನೋವು ಉಕ್ಕಿನ ರಾಡು. ಸ್ಕ್ರೂ ಮಾಡೋ 25 ಮಿಮೀ ರಾಡನ್ನ ಕೆಜಿ ಲೆಕ್ಕದಲ್ಲಿ ಕೊಳ್ತಾರೆ, ಬಿಲ್ಲೂ ಕೆಜಿಯಲ್ಲಿ, ಪುಸ್ತಕದಲ್ಲೂ ಕೆಜಿ. ಆದ್ರೆ ಲೇತ್‌ಗೆ ಹೋಗೋದು ತುಂಡು. ಆಫೀಸಿನ ಪ್ರಕಾರ 278 ಕೆಜಿ ಇತ್ತು, ಅಂದ್ರೆ 6 ಮೀಟರಿನ 12 ರಾಡು. ರಾಡಿನ ತೂಕಕ್ಕೆ ಅಂಗಡಿಯವರೆಲ್ಲ ಬಳಸೋ ಸೂತ್ರ ನಮಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ, ಸ್ಟೋರ್ಸ್ ಅಣ್ಣ ಹೇಳ್ಕೊಟ್ರು: ವ್ಯಾಸವನ್ನ ಮಿಮೀನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದ್ರೆ ಮೀಟರಿಗೆ ಇಷ್ಟು ಕೆಜಿ. 25ರ ವರ್ಗ 625, ಭಾಗಿಸಿದ್ರೆ ಸುಮಾರು 3.86. (ಉಕ್ಕಿನ ಸಾಂದ್ರತೆ 7850 ಹಾಕಿ ನೀವೇ ಪರೀಕ್ಷೆ ಮಾಡಿ, ಸರಿಯಾಗಿ ಬರುತ್ತೆ. ನಾವು ಬಸ್ಸಲ್ಲಿ ಮಾಡಿ ನೋಡಿದ್ವಿ.)

ಒಂದು ಸ್ಕ್ರೂಗೆ 300 ಮಿಮೀ. ಕೆಜಿ ಲೆಕ್ಕದಲ್ಲಿ ಭಾಗಿಸಿದ್ರೆ 240 ಸ್ಕ್ರೂ ಬರಬೇಕು. ಬರೋದು 228. ಯಾಕಂದ್ರೆ ಗರಗಸದ ಬ್ಲೇಡು ಪ್ರತಿ ಕತ್ತರಿಸುವಿಕೆಗೂ 3 ಮಿಮೀ ತಿನ್ನುತ್ತೆ. 6000ವನ್ನ 303ರಿಂದ ಭಾಗಿಸಿ, 19 ಪೂರ್ತಿ ತುಂಡು, ಉಳಿದದ್ದು ಗುಜರಿ. ರಾಡಿಗೆ ಒಂದರಂತೆ ಹನ್ನೆರಡು ಸ್ಕ್ರೂ ಕಾಗದದ ಮೇಲೆ ಮಾತ್ರ ಇದ್ದವು. ಅದಕ್ಕೆ ಇಆರ್‌ಪಿಯಲ್ಲಿ ಕೊಳ್ಳೋ ಅಳತೆ ಬೇರೆ, ಬಳಸೋ ಅಳತೆ ಬೇರೆ ಅಂತ ಎರಡನ್ನೂ ಹೇಳಿ, ನಡುವೆ ಪರಿವರ್ತನೆ ಕೊಡಬೇಕು, ಜೊತೆಗೆ ಎಷ್ಟು ವ್ಯರ್ಥ ಅಂತಲೂ ಬರೀಬೇಕು. ಇದು ಕೋಡ್ ಬರೆಯೋ ಕೆಲಸ ಅಲ್ಲ. ಗರಗಸದ ಪಕ್ಕ ನಿಂತು ನೋಡೋ ಕೆಲಸ.

ಎರಡನೇದು ಹೆಸರು. ವೈಸ್‌ನ ದೊಡ್ಡ ಎರಕಕ್ಕೆ ಆಫೀಸಲ್ಲಿ 'ಫಿಕ್ಸೆಡ್ ಜಾ', ಮಷೀನ್ ಶಾಪಲ್ಲಿ 'ಬಾಡಿ', ಫೌಂಡ್ರಿ ಬಿಲ್ಲಲ್ಲಿ ಒಂದು ಪ್ಯಾಟರ್ನ್ ನಂಬರ್, ಸ್ಟೋರ್ಸ್ ನೋಟ್‌ಬುಕ್ಕಲ್ಲಿ 'ದೊಡ್ಡಣ್ಣ'. ಹೌದು, ದೊಡ್ಡಣ್ಣ. ಚಲಿಸೋ ದವಡೆ 'ಚಿಕ್ಕಣ್ಣ'. ಕಂಪ್ಯೂಟರ್‌ಗೆ ಇವು ನಾಲ್ಕು ಬೇರೆ ಬೇರೆ ವಸ್ತು. ಪ್ರತಿ ವಸ್ತುವಿಗೂ ಒಂದೇ ಕೋಡ್ ಕೊಡೋಕೆ ಎರಡು ಶನಿವಾರ ಹೋಯ್ತು. ಹೆಸರಿನ ಕಾಲಮ್ಮಲ್ಲಿ ನಾವು ದೊಡ್ಡಣ್ಣ ಅಂತಲೇ ಉಳಿಸಿದೀವಿ, ಪಕ್ಕದಲ್ಲಿ ಕೋಡ್. ಹುಡುಕಿದ್ರೆ ಎರಡರಲ್ಲೂ ಸಿಗುತ್ತೆ.

ಮೂರನೇದು, ನಮ್ಮನ್ನ ಕೆಡವಿದ ಆ ಹೊರಗೆ ಹೋದ ಮಾಲು. ಜಾಬ್ ವರ್ಕ್‌ಗೆ ಕಳಿಸಿದ ಪ್ಲೇಟು ನಮ್ಮದೇ, ಆದ್ರೆ ನಮ್ಮಲ್ಲಿಲ್ಲ. ಜಿಎಸ್‌ಟಿ ಕಾಯ್ದೆ ಪ್ರಕಾರ ಚಲನ್ ಬರೆದು ಕಳಿಸಬೇಕು, ಒಂದು ವರ್ಷದೊಳಗೆ ವಾಪಸ್ ಬರಬೇಕು. ಚಲನ್ ಇತ್ತು, ಫೈಲಲ್ಲಿತ್ತು. ಇಆರ್‌ಪಿಯಲ್ಲಿ ಇದಕ್ಕೆ ಸರಳ ಉಪಾಯ ಇದೆ: ಹೀಟ್ ಟ್ರೀಟ್‌ಮೆಂಟ್‌ನವರ ಜಾಗವನ್ನೂ ನಮ್ಮದೇ ಒಂದು ಗೋದಾಮು ಅಂತ ಹೆಸರಿಸೋದು. ಪ್ಲೇಟು ಹೋದಾಗ ಇಲ್ಲಿಂದ ಅಲ್ಲಿಗೆ ವರ್ಗಾವಣೆ, ಬಂದಾಗ ಅಲ್ಲಿಂದ ಇಲ್ಲಿಗೆ. ಮಾರಾಟ ತಾಣಕ್ಕೆ ತೋರಿಸೋದು ಇಲ್ಲಿಯ ಲೆಕ್ಕ ಮಾತ್ರ. ಬೊಚ್ಚುಬಾಯಿ ವೈಸ್‌ಗೂ ಬೇರೆ ಕೋಡ್ ಕೊಟ್ವಿ, ಪ್ಲೇಟ್ ಕೂರಿಸಿದ ಮೇಲೆ ಮಾತ್ರ ಅದು 'ವೈಸ್' ಆಗುತ್ತೆ.

ಸಣ್ಣ ಕಾರ್ಖಾನೆಯವರಿಗೆ ಮಾತ್ರ ಹೀಗಾಗೋದು ಅಂದ್ಕೋಬೇಡಿ. ಇಆರ್‌ಪಿ ಬಗ್ಗೆ ಓದೋವಾಗ ಎಲ್ಲ ಪುಸ್ತಕದಲ್ಲೂ ಬರೋ ಕತೆ ಅಮೆರಿಕದ ಚಾಕಲೇಟ್ ಕಂಪನಿ ಹರ್ಷೀಸ್‌ನದು. 1990ರ ದಶಕದ ಕೊನೆಗೆ ಅವರು ಸ್ಯಾಪ್ ಆರ್/3, ಜೊತೆಗೆ ಇನ್ನೆರಡು ಕಂಪನಿಗಳ ಸಾಫ್ಟ್‌ವೇರ್ ಸೇರಿಸಿ ಹಾಕಿಸಿಕೊಂಡ್ರು, ಖರ್ಚು 11.2 ಕೋಟಿ ಡಾಲರ್. 48 ತಿಂಗಳು ಬೇಕು ಅಂದಿದ್ದ ಕೆಲಸವನ್ನ 30 ತಿಂಗಳಲ್ಲಿ ಮುಗಿಸಿ ಅಂದ್ರು, ಯಾಕಂದ್ರೆ 2000ನೇ ಇಸವಿ ಬಂದಾಗ ಹಳೇ ಕಂಪ್ಯೂಟರ್‌ಗಳು ಕೈಕೊಡುತ್ತೆ ಅನ್ನೋ ವೈಟೂಕೆ ಭಯ. ಏಪ್ರಿಲ್‌ನಲ್ಲಿ ಶುರು ಆಗಬೇಕಿದ್ದದ್ದು ತಡವಾಗಿ 1999ರ ಜುಲೈಗೆ ಬಂತು. ಅದು ಅಂಗಡಿಗಳು ಹ್ಯಾಲೋವೀನ್‌ಗೆ ಆರ್ಡರ್ ಕೊಡೋ ಸಮಯ. ಅಕ್ಟೋಬರ್ 31ಕ್ಕೆ ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೂ ಹೋಗಿ ಮಿಠಾಯಿ ಕೇಳೋ ಹಬ್ಬ ಅದು. ಎಳ್ಳುಬೆಲ್ಲ ಮಾರೋರು ಸಂಕ್ರಾಂತಿ ಹಿಂದಿನ ವಾರ ತಕ್ಕಡಿ ಬದಲಾಯಿಸಿದ ಹಾಗಾಯ್ತು.

ಸುಮಾರು 10 ಕೋಟಿ ಡಾಲರ್‌ನಷ್ಟು ಆರ್ಡರ್ ತಲುಪಿಸೋಕಾಗ್ಲಿಲ್ಲ. ಆ ತ್ರೈಮಾಸಿಕದ ಲಾಭ ಶೇ. 19 ಕುಸೀತು. ಮಜಾ ಏನು ಗೊತ್ತಾ, ಚಾಕಲೇಟ್ ಇತ್ತು! ಬಹುಪಾಲು ಮಾಲು ಅವರ ಹತ್ತಿರವೇ ಬಿದ್ದಿತ್ತು. ಹಬ್ಬದ ದಟ್ಟಣೆಯಲ್ಲಿ ಹೆಚ್ಚಾದ ಪೆಟ್ಟಿಗೆಗಳನ್ನ ಅಲ್ಲಿಯ ಜನ ಖಾಲಿ ಕೋಣೆ, ತಾತ್ಕಾಲಿಕ ಜಾಗಗಳಲ್ಲಿ ಇಡ್ತಿದ್ರು, ಎಲ್ಲಿದೆ ಅಂತ ಅವರಿಗೆ ಗೊತ್ತಿರ್ತಿತ್ತು. ಹೊಸ ವ್ಯವಸ್ಥೆಗೆ ಆ ಜಾಗಗಳ ಹೆಸರನ್ನ ಯಾರೂ ಸರಿಯಾಗಿ ಹೇಳಿರಲಿಲ್ಲ ಅಂತ ಆಮೇಲೆ ಬಂದ ವಿಶ್ಲೇಷಣೆಗಳು ಹೇಳ್ತವೆ. ಕಂಪ್ಯೂಟರ್‌ಗೆ ಹೇಳದ ಕೋಣೆ ಕಂಪ್ಯೂಟರ್ ಪಾಲಿಗೆ ಇಲ್ಲ. ನಮಗೆ ಇಲ್ಲದ ವೈಸ್ ಪರದೆ ಮೇಲೆ ಕಾಣಿಸ್ತು, ಅವರಿಗೆ ಇದ್ದ ಚಾಕಲೇಟ್ ಕಾಣಿಸ್ಲಿಲ್ಲ. ಇದನ್ನ ಓದಿದ ರಾತ್ರಿ ನಮಗೆ ಸ್ವಲ್ಪ ಸಮಾಧಾನ ಆಯ್ತು ಅಂತ ಒಪ್ಕೋತೀವಿ. 2002ರಲ್ಲಿ ಅದೇ ಹರ್ಷೀಸ್ ಅದೇ ಸ್ಯಾಪ್‌ನ ಮುಂದಿನ ಆವೃತ್ತಿಗೆ ಹೋದಾಗ ದೊಡ್ಡ ಅನಾಹುತ ಏನೂ ಆಗ್ಲಿಲ್ಲ. ಆ ಸಲ ಪರೀಕ್ಷೆಗೆ ಸಮಯ ಕೊಟ್ಟಿದ್ರು.

ಹಾಗಾದ್ರೆ ಇಷ್ಟು ವರ್ಷ ಪೀಣ್ಯದ ಕಾರ್ಖಾನೆ ನಡೆದದ್ದು ಹೇಗೆ? ಡೀಲರ್‌ಗಳಿಂದ. ಜೆಸಿ ರೋಡಿನದೋ ಎಸ್‌ಪಿ ರೋಡಿನದೋ ಡೀಲರ್ ಫೋನ್ ಮಾಡ್ತಾರೆ, "ಐವತ್ತು ಕಳ್ಸಿ ಸಾರ್". ಇಲ್ಲಿಂದ "ಇಪ್ಪತ್ತು ಈಗ ತಗೊಳ್ಳಿ, ಮೂವತ್ತು ಮುಂದಿನ ವಾರ" ಅಂತಾರೆ. ಅವರ ಅಂಗಡಿಯಲ್ಲೂ ಒಂದಿಷ್ಟು ಮಾಲು ಇರುತ್ತೆ, ನಡೆದುಹೋಗುತ್ತೆ. ಇಪ್ಪತ್ತು ವರ್ಷದ ಪರಿಚಯ ಲೆಕ್ಕದ ತಪ್ಪನ್ನೆಲ್ಲ ನುಂಗಿಕೊಳ್ತಿತ್ತು. ಆನ್‌ಲೈನಲ್ಲಿ ಆ ಮೆತ್ತೆ ಇಲ್ಲ. ಅಲ್ಲಿ ಗುಂಡಿ ಒತ್ತಿದವರು ಯಾರೋ, ಎಲ್ಲಿಯವರೋ. ಅದಕ್ಕೇ ದೊಡ್ಡ ಇಆರ್‌ಪಿಗಳಲ್ಲಿ 'ಅವೈಲಬಲ್ ಟು ಪ್ರಾಮಿಸ್' ಅಂತ ಒಂದು ಸಂಖ್ಯೆ ಇರುತ್ತೆ: ಕೈಯಲ್ಲಿರೋದು, ಜೊತೆಗೆ ಖಚಿತವಾಗಿ ಬರೋದು, ಅದರಲ್ಲಿ ಆಗಲೇ ಮಾತು ಕೊಟ್ಟಿರೋದನ್ನ ಕಳೆದು ಉಳಿದದ್ದು. ನಾವು ಸದ್ಯಕ್ಕೆ ಬರೋದನ್ನ ಸೇರಿಸಿಲ್ಲ, ಧೈರ್ಯ ಇಲ್ಲ. ಕಪಾಟಿನಲ್ಲಿರೋದರಲ್ಲಿ ಡೀಲರ್‌ಗಳಿಗೆ ಹೇಳಿರೋದನ್ನ ಕಳೆದು, ಇನ್ನೂ 5 ಹಿಡಿದಿಟ್ಟು, ಉಳಿದದ್ದನ್ನ ಮಾತ್ರ ಸೈಟಿಗೆ ಕಳಿಸ್ತೀವಿ.

ಡೀಲರ್‌ಗಳ ವಿಷಯ ಬಂತಲ್ಲ, ಅದೂ ಒಂದು ಪಾಠ. ನಾವು ಉತ್ಸಾಹದಲ್ಲಿ ಸೈಟಲ್ಲಿ ಅಂಗಡಿ ಬೆಲೆಗಿಂತ ಕಡಿಮೆ ಹಾಕಿದ್ವಿ. ಮೂರನೇ ದಿನವೇ ಒಬ್ಬ ಡೀಲರ್ ಫೋನ್ ಮಾಡಿ, "ನೀವೇ ಅಂಗಡಿ ಇಟ್ಟಮೇಲೆ ನಾವ್ಯಾಕೆ ಸಾರ್?" ಅಂದ್ರಂತೆ. ಈಗ ಅಂಗಡಿ ಬೆಲೆಯೇ. ತಾಣದವರ ಕಮಿಷನ್, ಸಾಗಾಟ, ವಾಪಸ್ ಬಂದರೆ ಅದರ ಖರ್ಚು, ಟಿಸಿಎಸ್ ಎಲ್ಲ ಹಿಡಿದುಕೊಂಡು ಉಳಿದದ್ದನ್ನ ಗುಡ್ಡೆ ಹಾಕಿ ಖಾತೆಗೆ ಕಳಿಸ್ತಾರೆ. ಯಾವ ವೈಸ್‌ಗೆ ಎಷ್ಟು ಉಳೀತು ಅಂತ ಬಿಡಿಸಿ ನೋಡಿದಾಗ ಗೊತ್ತಾಯ್ತು, ಒಂಬತ್ತು ಹತ್ತು ಕೆಜಿ ತೂಗೋ ಎರಕದ ಮಾಲನ್ನ ಒಂದೊಂದಾಗಿ ಕೊರಿಯರ್ ಮಾಡಿ ಬದುಕೋದು ಕಷ್ಟ. ಜಿ ಕ್ಲ್ಯಾಂಪ್ ಮಾತ್ರ ಒಂದೊಂದಾಗಿ, ವೈಸ್ ನಾಲ್ಕಕ್ಕಿಂತ ಮೇಲೆ. ಇದನ್ನ ಹೇಳಿದ್ದು ಯಾವ ಎಂಬಿಎ ಪುಸ್ತಕವೂ ಅಲ್ಲ, ಅಂಕಲ್ ಮನೆಯವರು. ಆಂಟಿ ರಾತ್ರಿ ಕೂತು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ರು.

ಸಾಫ್ಟ್‌ವೇರ್ ಯಾವುದು ಅಂತ ಕೇಳ್ತೀರಿ ಅಂತ ಗೊತ್ತು. ಸ್ಯಾಪ್ ನಮ್ಮ ಅಳತೆಯ ಅಂಗಿ ಅಲ್ಲ. ಲೆಕ್ಕಪತ್ರಕ್ಕೆ ನಮ್ಮ ದೇಶದ ಸಣ್ಣ ಉದ್ಯಮಗಳು ಹೆಚ್ಚಾಗಿ ನಂಬೋದು ಟ್ಯಾಲಿಯನ್ನ. ಅದು ಹುಟ್ಟಿದ್ದು 1986ರಲ್ಲಿ, ನಮ್ಮ ಬೆಂಗಳೂರಲ್ಲೇ. ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಭಾಗ ಸರಬರಾಜು ಮಾಡ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದೋ ಸಾಫ್ಟ್‌ವೇರ್ ಸಿಗದೆ, ಮಗ ಭರತ್ ಗೋಯೆಂಕಾಗೆ ಬರೆಯೋಕೆ ಹೇಳಿದ್ರು, ಅಲ್ಲಿಂದ ಶುರು. ಉತ್ಪಾದನೆಯ ಭಾಗಕ್ಕೆ ನಾವು ಆರಿಸಿದ್ದು ಇಆರ್‌ಪಿನೆಕ್ಸ್ಟ್. ಮುಂಬೈನವರು ಮಾಡಿದ ಓಪನ್ ಸೋರ್ಸ್ ಇಆರ್‌ಪಿ, ಪೈಥಾನ್‌ನಲ್ಲಿದೆ, ನಮ್ಮ ಲ್ಯಾಪ್‌ಟಾಪಲ್ಲೇ ಹಾಕಿ ಆಡಬಹುದು. ಮೆಕ್‌ನವರೇ, ಪ್ರೊಡಕ್ಷನ್ ಪೇಪರ್‌ಗೆ ಓದೋ ಮುಂಚೆ ಒಂದು ಸಲ ಅದರಲ್ಲಿ ನಿಮ್ಮ ಸೈಕಲ್ಲಿನ ಬಿಲ್ ಆಫ್ ಮೆಟೀರಿಯಲ್ಸ್ ಹಾಕಿ ನೋಡಿ. ಪೆಡಲ್ ಹತ್ತಿರ ಬರೋ ಹೊತ್ತಿಗೆ ಸುಸ್ತಾಗ್ತೀರ.

ಆದ್ರೆ ಎಂಟು ಶನಿವಾರದಲ್ಲಿ ನಮಗೆ ಕಷ್ಟ ಆಗಿದ್ದು ಪೈಥಾನ್ ಅಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ಇಂಥ ಕಾರ್ಖಾನೆಗಳಲ್ಲಿ ಬಿಲ್ಲಿನ ಕೆಲಸ ಪೂರ್ತಿ ಕಂಪ್ಯೂಟರ್‌ಗೆ ಹೋಯ್ತು, ಯಾಕಂದ್ರೆ ಸರ್ಕಾರ ಕೇಳ್ತು. ಸ್ಟೋರ್ಸ್ ಲೆಕ್ಕವನ್ನ ಯಾರೂ ಕೇಳಲಿಲ್ಲ, ಅದು ನೋಟ್‌ಬುಕ್ಕಲ್ಲೇ ಉಳೀತು. ಅದನ್ನ ಕೇಳಿದ ಮೊದಲಿಗರು ನಾವು, ಹತ್ತೊಂಬತ್ತು ವರ್ಷದ ಹುಡುಗ ಹುಡುಗಿಯರು. ಸ್ಟೋರ್ಸ್ ಅಣ್ಣ ಮೂರು ಶನಿವಾರ ನೋಟ್‌ಬುಕ್ ಕೊಡಲಿಲ್ಲ. "ಮನೇಲಿ ಬಿಟ್ಟು ಬಂದೆ" ಅಂತಿದ್ರು, ಜೇಬಲ್ಲಿ ಕಾಣ್ತಿತ್ತು. ನಾಲ್ಕನೇ ಶನಿವಾರ ಊಟದ ಹೊತ್ತಲ್ಲಿ ಅವರೇ ಕೇಳಿದ್ರು: "ಇದ್ರಲ್ಲಿರೋದೆಲ್ಲ ಅದ್ರೊಳಗೆ ಹೋದ್ಮೇಲೆ ನಾನ್ಯಾಕೆ ಬೇಕು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಿಪಿಟಿಗಳಲ್ಲಿ ಇದಕ್ಕೆ 'ಚೇಂಜ್ ಮ್ಯಾನೇಜ್‌ಮೆಂಟ್' ಅಂತ ಒಂದು ಸ್ಲೈಡ್ ಇರುತ್ತೆ. ಅದನ್ನ ಅವರಿಗೆ ಹೇಳೋಕಾಗುತ್ತಾ? ನಮ್ಮ ಹುಡುಗನೇ ಹೋಗಿ ಅಪ್ಪನಿಗೆ ಹೇಳಿದ. ಅಂಕಲ್ ಸ್ಟೋರ್ಸ್‌ಗೆ ಬಂದು ಸ್ಟೂಲ್ ಎಳ್ಕೊಂಡು ಕೂತ್ರು. ಏನು ಮಾತಾಡಿದ್ರು ಅಂತ ನಮಗೆ ಪೂರ್ತಿ ಗೊತ್ತಿಲ್ಲ, ನಾವು ಹೊರಗಿದ್ವಿ. ಆಮೇಲೆ ತೀರ್ಮಾನ ಆಗಿದ್ದು ಇಷ್ಟು: ಮಾಲು ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎರಡನ್ನೂ ಅಣ್ಣ ಒಪ್ಪಿದ್ರೆ ಮಾತ್ರ ಲೆಕ್ಕಕ್ಕೆ ಸೇರುತ್ತೆ. ಆಫೀಸಿನವರಾಗಲಿ, ಅಂಕಲ್ ಆಗಲಿ, ನಾವಾಗಲಿ ಸ್ಟಾಕ್ ಸಂಖ್ಯೆ ತಿದ್ದೋ ಹಾಗಿಲ್ಲ. ಇಆರ್‌ಪಿಯಲ್ಲಿ ಇದನ್ನ ಮಾಡೋದು ಸುಲಭ, ಯಾರಿಗೆ ಯಾವ ಅಧಿಕಾರ ಅಂತ ಒಂದು ಪುಟ ಇರುತ್ತೆ. ಸ್ಟಾಕ್ ಎದುರಿಗೆ ಒಂದೇ ಹೆಸರು ಬಿಟ್ಟು ಉಳಿದ ಟಿಕ್ ಎಲ್ಲ ತೆಗೆದ್ವಿ. ಮುಂದಿನ ಶನಿವಾರ ನೋಟ್‌ಬುಕ್ ಮೇಜಿನ ಮೇಲಿತ್ತು.

ಇಷ್ಟಾದ್ರೂ ಎಲ್ಲ ಸರಿಹೋಯ್ತು ಅಂತಲ್ಲ. ನಲವತ್ತು ವಸ್ತು ಆರಿಸಿ, ಕಂಪ್ಯೂಟರ್ ಹೇಳೋದಕ್ಕೂ ಕಪಾಟಿನಲ್ಲಿರೋದಕ್ಕೂ ತಾಳೆ ನೋಡಿದ್ವಿ. ಮೊದಲ ಸಲ 27 ತಾಳೆ ಆಯ್ತು. ಒಂದು ತಿಂಗಳ ಮೇಲೆ 33. ಈಗ ಅಣ್ಣ ದಿನಕ್ಕೆ ಐದೈದು ವಸ್ತು ಎಣಿಸ್ತಾರೆ, ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸಿ ಎಲ್ಲ ಎಣಿಸೋದಕ್ಕಿಂತ ಇದು ವಾಸಿ. ಲೇತ್ ಮೇಲಿರೋರು ಕೆಟ್ಟುಹೋದ ತುಂಡನ್ನ ಇನ್ನೂ ಸರಿಯಾಗಿ ಬರೆಯಲ್ಲ. ಬರೆದ್ರೆ ಬೈಸ್ಕೋಬೇಕು ಅನ್ನೋ ಭಯ, ಅದು ಅಂಕಲ್ ಬಿಡಿಸಬೇಕಾದ ಗಂಟು. ಸೈಟ್ ಮತ್ತೆ ತೆರೆದಿದೀವಿ, ಜಿ ಕ್ಲ್ಯಾಂಪ್ ಹೋಗ್ತಾ ಇದೆ. ಆ ತರಬೇತಿ ಸಂಸ್ಥೆಯವರು ಮತ್ತೆ ಬಂದಿಲ್ಲ.

ಟೈಪ್ ಮಾಡೋದು ಅಣ್ಣನಿಗೆ ಇನ್ನೂ ಬೇಜಾರು, ಅದಕ್ಕೆ ಸದ್ಯ ವಾಟ್ಸಾಪ್ ಗ್ರೂಪಿಗೆ ಧ್ವನಿ ಕಳಿಸ್ತಾರೆ, ನಮ್ಮಲ್ಲೊಬ್ಬರು ಸಂಜೆ ಹತ್ತಿಸ್ತೀವಿ, ಅವರು ಮೊಬೈಲಲ್ಲಿ ನೋಡಿ ಒಪ್ಪಿಗೆ ಒತ್ತುತ್ತಾರೆ. ಮೊನ್ನೆ ಮ್ಯಾಥ್ಸ್ ಇಂಟರ್ನಲ್ಸ್ ಮುಗಿಸಿ ಹೊರಗೆ ಬರ್ತಿದ್ದ ಹಾಗೇ ಒಂದು ಬಂತು. ಹಿಂದೆ ಮಿಲ್ಲಿಂಗ್ ಮಷೀನ್ ಸದ್ದು. "ಪ್ಲೇಟು ನೂರಿಪ್ಪತ್ತು ಹೋಗಿತ್ತು, ನೂರಿಪ್ಪತ್ತೂ ಬಂತು. ಎರಡು ಕ್ರ್ಯಾಕ್ ಬಿಟ್ಟಿದೆ, ವಾಪಸ್ ಇಟ್ಟಿದೀನಿ. ನೂರಹದಿನೆಂಟು ಅಂತ ಹಾಕ್ರಪ್ಪ, ಐವತ್ತೊಂಬತ್ತು ವೈಸ್. ಅರವತ್ತು ಅಂತ ಹಾಕ್ಬಿಟ್ಟೀರ ಮತ್ತೆ."